ರೂಪಾಯಿಗೆ ಮುಖ ಬಂದ ಕಥೆ

ವರಮಹಾಲಕ್ಷ್ಮಿ ಹಬ್ಬದ ದಿನ ಕಲಶದೊಳಗೆ ಹಾಕಲೆಂದು ಪೆಟ್ಟಿಗೆಯ ತಳದಿಂದ ತೆಗೆಯುವ ಹಳೆಯ ಬೆಳ್ಳಿ ರೂಪಾಯಿ ನಿಮ್ಮ ಮನೆಯಲ್ಲೂ ಇದ್ದೀತು. ಹಬ್ಬ ಮುಗಿದ ಮೇಲೆ ಅದನ್ನು ತೊಳೆದು, ಒರೆಸಿ, ಮತ್ತೆ ಅದೇ ಬಟ್ಟೆಯ ಗಂಟಿನಲ್ಲಿ ಕಟ್ಟಿ ಇಡುತ್ತೇವೆ. ಕೈಗೆ ಬಂದಾಗಲೆಲ್ಲ ಅದರ ತೂಕ ನೋಡುತ್ತೇವೆ. ಈಗಿನ ಬೆಳ್ಳಿಯ ಧಾರಣೆಯಲ್ಲಿ ಎಷ್ಟು ಬಂದೀತೆಂದು ಲೆಕ್ಕ ಹಾಕುತ್ತೇವೆ. ಅದರ ಮೇಲಿರುವ ಮುಖವನ್ನು ನಿಂತು ನೋಡುವವರು ಮಾತ್ರ ಕಡಿಮೆ. ರಾಣಿ ರೂಪಾಯಿ ಎನ್ನುತ್ತೇವೆ, ರಾಜನ ತಲೆಯ ರೂಪಾಯಿ ಎನ್ನುತ್ತೇವೆ; ಅಲ್ಲಿಗೆ ಮಾತು ಮುಗಿಯುತ್ತದೆ.

ಆ ಮುಖದ ಕಥೆಯನ್ನೇ ಇಂದು ನಿಮ್ಮ ಮುಂದೆ ಇಡಬೇಕೆಂದಿದ್ದೇನೆ. ಒಂದು ಅಂಗುಲಕ್ಕಿಂತ ತುಸು ಅಗಲವಾದ ಬೆಳ್ಳಿಯ ಬಿಲ್ಲೆ. ಅದರ ಮೇಲೆ ಒಂದು ಮಗ್ಗುಲಿನಿಂದ ಕಂಡಂತೆ ಕೊರೆದ ಒಂದು ಮುಖ. ಇದನ್ನು ಪಾರ್ಶ್ವಮುಖ ಎನ್ನೋಣ. ಫೋಟೋ ಇನ್ನೂ ಹುಟ್ಟದಿದ್ದ, ಊರಿಗೆ ಪತ್ರಿಕೆ ಬಾರದಿದ್ದ ಕಾಲದಲ್ಲಿ ಚನ್ನಗಿರಿಯ ಒಕ್ಕಲಿಗನಿಗೆ, ಹೊನ್ನಾಳಿಯ ನೇಕಾರನಿಗೆ, ನ್ಯಾಮತಿಯ ವ್ಯಾಪಾರಿಗೆ, ಜಗಳೂರಿನ ಕುರಿಗಾಹಿಗೆ ತನ್ನನ್ನು ಆಳುವವನ ಮುಖ ಹೇಗಿದೆ ಎಂದು ತಿಳಿಯುವ ದಾರಿ ಯಾವುದಿತ್ತು? ಆ ಮುಖ ಅವನ ಮನೆಗೆ ಬಂದದ್ದು ಹಣದ ರೂಪದಲ್ಲಿ. ಅದು ಬಂದದ್ದು ಹೇಗೆ, ಬಂದ ಮೇಲೆ ನಮ್ಮ ಜನ ಅದನ್ನು ಏನು ಮಾಡಿದರು, ಎಂಬುದರಲ್ಲಿ ಈ ಸೀಮೆಯ ಚರಿತ್ರೆಯ ಒಂದು ಪುಟವೇ ಅಡಗಿದೆ.

ಪಕ್ಕದಿಂದಲೇ ಏಕೆ?

ಹದಿನೆಂಟನೆಯ ಶತಮಾನದ ಕೊನೆ ಮತ್ತು ಹತ್ತೊಂಬತ್ತನೆಯ ಶತಮಾನದ ಮೊದಲ ದಶಕಗಳು ಯುರೋಪಿನಲ್ಲಿ ಚಿಕ್ಕ ಪಾರ್ಶ್ವಮುಖಗಳ ಕಾಲ. ತೈಲವರ್ಣದ ದೊಡ್ಡ ಭಾವಚಿತ್ರ ಬರೆಸಿಕೊಳ್ಳುವುದು ಶ್ರೀಮಂತರಿಗೆ ಮಾತ್ರ ಸಾಧ್ಯವಿತ್ತು. ಮಧ್ಯಮ ವರ್ಗದವರಿಗೂ ತಮ್ಮ ಮುಖ ಉಳಿಯಬೇಕೆಂಬ ಆಸೆ. 1780ರ ದಶಕದಲ್ಲಿ ಫ್ರಾನ್ಸಿನ ವರ್ಸೈ ಅರಮನೆಯ ಸಂಗೀತಗಾರ ಗಿಲ್ ಲೂಯಿ ಕ್ರೆತಿಯಾಂ ಎಂಬಾತ ಇದಕ್ಕೊಂದು ಯಂತ್ರ ಕಂಡುಹಿಡಿದ. ಹೆಸರು ಫಿಸಿಯೋನೋಟ್ರೇಸ್. ಕುಳಿತವರ ಮುಖದ ಹೊರಗೆರೆಯನ್ನು ಅದರ ಸಹಾಯದಿಂದ ಕಾಗದದ ಮೇಲೆ ಇಳಿಸಿಕೊಂಡು, ಬಳಿಕ ಅದೇ ಪ್ರಮಾಣದಲ್ಲಿ ಚಿಕ್ಕದು ಮಾಡಿ ತಾಮ್ರದ ತಗಡಿನ ಮೇಲೆ ಕೊರೆಯುತ್ತಿದ್ದರು. ತಗಡಿಗೆ ಮಸಿ ಬಳಿದು ಎಷ್ಟು ಪ್ರತಿ ಬೇಕೋ ಅಷ್ಟು ಅಚ್ಚು ಹಾಕಬಹುದಿತ್ತು.

ಇದೇ ವಿದ್ಯೆಯನ್ನು ಸೇಂಟ್ ಮೆಮಿನ್ ಎಂಬ ಫ್ರೆಂಚ್ ಕಲಾವಿದ ಅಮೆರಿಕಕ್ಕೆ ಒಯ್ದ. ಫ್ರೆಂಚ್ ಕ್ರಾಂತಿಯಲ್ಲಿ ಮನೆಮಠ ಬಿಟ್ಟು 1793ರಲ್ಲಿ ಅಲ್ಲಿಗೆ ಹೋದವನು ಊರೂರು ತಿರುಗಿ ಎಂಟುನೂರಕ್ಕೂ ಹೆಚ್ಚು ಮುಖಗಳನ್ನು ಕೊರೆದ. ಗಂಡಸರಿಗೆ 25 ಡಾಲರ್, ಹೆಂಗಸರಿಗೆ 35 ಡಾಲರ್. ಆ ಹಣಕ್ಕೆ ದೊಡ್ಡ ಚಿತ್ರ, ತಾಮ್ರದ ತಗಡು, ಹನ್ನೆರಡು ಅಚ್ಚುಪ್ರತಿ. ಅಧ್ಯಕ್ಷ ಜೆಫರ್ಸನ್ ಕೂಡ 1804ರಲ್ಲಿ ಅವನ ಮುಂದೆ ಕುಳಿತಿದ್ದರು.

ನಮ್ಮ ನಾಡಿಗೂ ಆ ಪ್ಯಾರಿಸ್ಸಿಗೂ ಒಂದು ನಂಟಿದೆ. 1788ರಲ್ಲಿ, ಫಿಸಿಯೋನೋಟ್ರೇಸ್ ಅಲ್ಲಿ ಹೊಸತಾಗಿದ್ದಾಗಲೇ, ಟಿಪ್ಪು ಸುಲ್ತಾನನ ಮೂವರು ರಾಯಭಾರಿಗಳು ಆ ನಗರದಲ್ಲಿದ್ದರು. ಅವರಲ್ಲಿ ಮೊಹಮ್ಮದ್ ದರ್ವೇಶ್ ಖಾನನ ದೊಡ್ಡ ವರ್ಣಚಿತ್ರವನ್ನು ಹೆಸರಾಂತ ಚಿತ್ರಕಾರ್ತಿ ವಿಜೀ ಲ ಬ್ರುನ್ ಬರೆದರು. ರಾಯಭಾರಿಗೆ ವರ್ಣಚಿತ್ರ ಸಿಕ್ಕಿತು. ಆದರೆ ಕೊರೆದ ಪಾರ್ಶ್ವಮುಖವು ಮೈಸೂರು ಸೀಮೆಯ ಜನಸಾಮಾನ್ಯರನ್ನು ಮುಟ್ಟಿದ್ದು ಕಾಗದದ ಮೇಲೆ ಅಲ್ಲ, ಬೆಳ್ಳಿಯ ಮೇಲೆ.

ಕಾಗದಕ್ಕೂ ಲೋಹಕ್ಕೂ ಪಾರ್ಶ್ವಮುಖವೇ ಒಗ್ಗುವುದೇಕೆ ಎಂದು ನೀವು ಕೇಳಬಹುದು. ಎದುರಿನಿಂದ ನೋಡಿದಾಗ ಗುರುತು ಹತ್ತುವುದು ಕಣ್ಣು, ನೆರಳು, ಬಣ್ಣಗಳಿಂದ. ಪಕ್ಕದಿಂದ ನೋಡಿದಾಗ ಹಣೆ, ಮೂಗು, ತುಟಿ, ಗದ್ದ ಒಂದೇ ಗೆರೆಯಲ್ಲಿ ಇಳಿಯುತ್ತವೆ. ಆ ಒಂದು ಗೆರೆ ಸರಿಯಾದರೆ ಮನುಷ್ಯ ಸಿಕ್ಕಂತೆ. ನಾಣ್ಯಕ್ಕೆ ಇನ್ನೂ ಒಂದು ಕಾರಣವಿದೆ. ನಾಣ್ಯದ ಮೇಲಿನ ಉಬ್ಬು ಅದರ ಅಂಚಿಗಿಂತ ಎತ್ತರವಿರಬಾರದು. ಎದುರುಮುಖ ಕೊರೆದರೆ ಎಲ್ಲಕ್ಕಿಂತ ಎತ್ತರವಾಗುವುದು ಮೂಗು. ಕೈಯಿಂದ ಕೈಗೆ ಹೋಗುವಾಗ ಮೊದಲು ಸವೆಯುವುದೂ ಅದೇ. ಮೂಗು ಸವೆದ ಅರಸನ ಮುಖ ನಗೆಪಾಟಲಾಗುತ್ತದೆ. ಪಾರ್ಶ್ವಮುಖದಲ್ಲಿ ಕೆನ್ನೆ ಸವೆದರೂ ಹೊರಗೆರೆ ಬಹುಕಾಲ ಉಳಿಯುತ್ತದೆ.

ದೇವರು, ಆನೆ, ಅಕ್ಷರ

ನಾಣ್ಯದ ಮೇಲೆ ಪಾರ್ಶ್ವಮುಖ ಈ ಸೀಮೆಗೆ ಪೂರ್ತಿ ಹೊಸದೇನಲ್ಲ. ಜಗಳೂರಿನ ನೆರೆಯ ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ನಡೆದ ಉತ್ಖನನಗಳಲ್ಲಿ ರೋಮ್ ಚಕ್ರವರ್ತಿಗಳ ಬೆಳ್ಳಿಯ ದಿನಾರಿಗಳು ಸಿಕ್ಕಿವೆ. ಅಗಸ್ಟಸ್, ಟೈಬೀರಿಯಸ್ ಇವರ ಕಾಲದವು. ಎರಡು ಸಾವಿರ ವರ್ಷ ಹಿಂದಿನವು. ಮೈಸೂರು ಪುರಾತತ್ವ ಇಲಾಖೆಯ ಡಾ. ಎಂ. ಎಚ್. ಕೃಷ್ಣ ಅವರೂ, 1947ರಲ್ಲಿ ಮಾರ್ಟಿಮರ್ ವೀಲರ್ ಅವರೂ ಅಲ್ಲಿ ಅಗೆದವರು. ಕಡಲಾಚೆಯ ಒಬ್ಬ ದೊರೆಯ ಪಾರ್ಶ್ವಮುಖ ವ್ಯಾಪಾರದ ಬೆನ್ನು ಹತ್ತಿ ಚಿತ್ರದುರ್ಗದ ಬಂಡೆಗಳ ನಡುವೆ ಬಂದು ಸೇರಿತ್ತು.

ಆದರೆ ಅನಂತರದ ನೂರಾರು ವರ್ಷಗಳಲ್ಲಿ ನಮ್ಮ ನಾಣ್ಯಗಳು ಹಿಡಿದ ದಾರಿ ಬೇರೆ. ವಿಜಯನಗರದ ಅರಸರು ತಮ್ಮ ವರಾಹಗಳ ಮೇಲೆ ದೇವರನ್ನು ಕೂರಿಸಿದರು. ಅವರ ಮಾರ್ಗದಲ್ಲೇ ನಡೆದ ಕೆಳದಿಯ ನಾಯಕರ ಇಕ್ಕೇರಿ ವರಾಹದ ಒಂದು ಬದಿಯಲ್ಲಿ ಉಮಾಮಹೇಶ್ವರರು. ಇನ್ನೊಂದು ಬದಿಯಲ್ಲಿ ನಾಗರಿ ಲಿಪಿಯಲ್ಲಿ ಶ್ರೀ ಸದಾಶಿವ ಎಂಬ ಬರಹ. ಸದಾಶಿವ ನಾಯಕ ಕಾಲವಾದ ಬಳಿಕವೂ ಅದೇ ಹೆಸರು ಮುಂದುವರಿಯಿತು. ಆಳುವವರು ಬದಲಾದರೂ ವರಾಹ ಬದಲಾಗಲಿಲ್ಲ. ನಾಣ್ಯಕ್ಕೆ ಬೇಕಾದದ್ದು ನಂಬಿಕೆ, ಮುಖವಲ್ಲ ಎಂಬುದು ಆ ಕಾಲದ ತಿಳಿವಳಿಕೆ.

ಚನ್ನಗಿರಿಯ ಓದುಗರು ಇಲ್ಲಿ ಒಂದು ಮಾತು ಯೋಚಿಸಬೇಕು. ನಿಮ್ಮ ಊರಿನ ಹೆಸರು ಕೆಳದಿಯ ರಾಣಿ ಚೆನ್ನಮ್ಮಾಜಿಯಿಂದ ಬಂದದ್ದು. 1671ರಿಂದ 1697ರವರೆಗೆ ಆಳಿದವಳು. ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟು ಔರಂಗಜೇಬನ ಸೈನ್ಯವನ್ನು ಎದುರಿಸಿದವಳು. ಇಪ್ಪತ್ತೈದು ವರ್ಷ ಮೀರಿ ರಾಜ್ಯಭಾರ ಮಾಡಿದ ಆ ರಾಣಿಯ ಮುಖ ಯಾವ ವರಾಹದ ಮೇಲೂ ಇಲ್ಲ. ಅವಳ ಮೂಗು ಹೇಗಿತ್ತು, ಹಣೆ ಎಷ್ಟಗಲವಿತ್ತು ಎಂದು ನಾಣ್ಯ ನಮಗೆ ಹೇಳುವುದಿಲ್ಲ. ಅವಳು ತೀರಿಕೊಂಡು ನೂರೈವತ್ತು ವರ್ಷ ಆಗುವಷ್ಟರಲ್ಲಿ ಈ ಊರನ್ನು ಕಣ್ಣಿಂದ ನೋಡದ ಇನ್ನೊಬ್ಬ ರಾಣಿಯ ಮುಖ ಚನ್ನಗಿರಿಯ ಸಂತೆಯಲ್ಲಿ ಕೈ ಬದಲಾಗತೊಡಗಿತ್ತು.

ನಡುವಿನ ಕಾಲದಲ್ಲಿ ಏನಾಯಿತು? 1763ರಲ್ಲಿ ಬಿದನೂರನ್ನು ಗೆದ್ದ ಹೈದರಲಿ ತನ್ನ ಬಹದ್ದೂರಿ ವರಾಹದ ಮೇಲೆ ಶಿವಪಾರ್ವತಿಯರನ್ನು ಹಾಗೆಯೇ ಉಳಿಸಿಕೊಂಡ. ಹಿಂಬದಿಗೆ ತನ್ನ ಹೆಸರಿನ ಮೊದಲ ಪಾರಸಿ ಅಕ್ಷರವನ್ನಷ್ಟೇ ಹಾಕಿದ. ಟಿಪ್ಪುವಿನ ತಾಮ್ರದ ಕಾಸುಗಳ ಮೇಲೆ ಆನೆ. ಚಿನ್ನ ಬೆಳ್ಳಿಯ ಮೇಲೆ ಪಾರಸಿ ಬರಹ. 1799ರ ನಂತರ ಮುಮ್ಮಡಿ ಕೃಷ್ಣರಾಜ ಒಡೆಯರ ವರಾಹದ ಮೇಲೆ ಮತ್ತೆ ಶಿವಪಾರ್ವತಿ, ಹಿಂಬದಿಗೆ ಶ್ರೀ ಕೃಷ್ಣರಾಜ ಎಂಬ ನಾಗರಿ ಬರಹ. ಅವರ ತಾಮ್ರದ ಮಯಿಲಿ ಕಾಸುಗಳ ಮೇಲೆ ಮೊದಲು ಆನೆ, ಆಮೇಲೆ ಸಿಂಹ, ಜೊತೆಗೆ ಕನ್ನಡದಲ್ಲಿ ಶ್ರೀ, ಚಾಮುಂಡಿ ಎಂಬ ಅಕ್ಷರಗಳು. ಮುಮ್ಮಡಿಯವರಿಗೆ ಭಾವಚಿತ್ರಗಳೆಂದರೆ ಬಲು ಪ್ರೀತಿ. 1861ರಲ್ಲಿ ಕಟ್ಟಿದ ಮೈಸೂರಿನ ಜಗನ್ಮೋಹನ ಅರಮನೆಯ ಗೋಡೆಗಳನ್ನು ನೋಡಿದವರಿಗೆ ಇದು ಗೊತ್ತು. ಅಂಥ ಅರಸರೂ ತಮ್ಮ ಮುಖವನ್ನು ನಾಣ್ಯದ ಮೇಲೆ ತರಲಿಲ್ಲ.

ನಗರದ ದಂಗೆ, ಕಂಪನಿಯ ಹಣ

ಇಂದು ದಾವಣಗೆರೆ ಜಿಲ್ಲೆಗೆ ಸೇರಿರುವ ಈ ನಾಲ್ಕೂ ಊರುಗಳು ಅಂದು ಮೈಸೂರು ಸಂಸ್ಥಾನದವು. 1830ರಲ್ಲಿ ನಗರ ಸೀಮೆಯ ರೈತರು ಕೂಟ ಕಟ್ಟಿ ಬಂಡೆದ್ದರು. ಶರ್ತು ಪದ್ಧತಿಯ ಕಂದಾಯ, ಅಮಲ್ದಾರರ ಕಿರುಕುಳ ಅದಕ್ಕೆ ಮುಖ್ಯ ಕಾರಣಗಳು. ಇಷ್ಟು ಹಣ ಕಟ್ಟುತ್ತೇನೆಂದು ಮೊದಲೇ ಮಾತು ಕೊಟ್ಟು ಅಧಿಕಾರ ಹಿಡಿದ ಅಮಲ್ದಾರ ಅದನ್ನು ರೈತನ ಮೈಯಿಂದಲೇ ಹಿಂಡಬೇಕಿತ್ತು. ಕೆಳದಿ ವಂಶದವನೆಂದು ಹೇಳಿಕೊಂಡ ಬೂದಿ ಬಸವಪ್ಪ ಬಂಡೆದ್ದವರ ಮುಂದಾಳಾದ. ತರೀಕೆರೆಯ ಪಾಳೆಯಗಾರರು ಜೊತೆಗೂಡಿದರು. ಹೊನ್ನಾಳಿ, ಚನ್ನಗಿರಿ ಸೀಮೆಗಳೆಲ್ಲ ಕಲಕಿಹೋದವು. 1831ರಲ್ಲಿ ಹೊನ್ನಾಳಿಯಲ್ಲೇ ಸೈನ್ಯಕ್ಕೂ ಬಂಡೆದ್ದವರಿಗೂ ಕಾದಾಟ ನಡೆಯಿತು.

ದಂಗೆ ಅಡಗಿತು, ಆದರೆ ಅದೇ ವರ್ಷದ ಅಕ್ಟೋಬರಿನಲ್ಲಿ ಕಂಪನಿ ಸರ್ಕಾರ ಮೈಸೂರಿನ ಆಡಳಿತವನ್ನೇ ತನ್ನ ಕೈಗೆ ತೆಗೆದುಕೊಂಡಿತು. ಕಮಿಷನರರ ಆಳ್ವಿಕೆ ಹೀಗೆ ಆರಂಭವಾಗಿ 1881ರವರೆಗೆ, ಐವತ್ತು ವರ್ಷ ನಡೆಯಿತು. ಅರಸರ ಟಂಕಸಾಲೆ ಮೈಸೂರಿನಿಂದ ಬೆಂಗಳೂರಿಗೆ ಹೋಗಿ, 1843ರಲ್ಲಿ ಮುಚ್ಚಿತು. ವರಾಹ, ಹಣ, ಕಾಸುಗಳ ಜಾಗಕ್ಕೆ ಕಂಪನಿಯ ರೂಪಾಯಿ ಬಂತು.

ಆ ರೂಪಾಯಿಯೂ ಅಷ್ಟರಲ್ಲಿ ಹೊಸ ವೇಷ ತೊಟ್ಟಿತ್ತು. ಅಲ್ಲಿಯವರೆಗೆ ಕಂಪನಿ ತನ್ನ ರೂಪಾಯಿಗಳನ್ನು ಮೊಗಲ್ ಬಾದಷಹರ ಹೆಸರಿನಲ್ಲೇ ಹೊಡೆಯುತ್ತಿತ್ತು. ಬಾದಷಹ ಷಾ ಆಲಂ 1806ರಲ್ಲಿ ತೀರಿಕೊಂಡ ಮೇಲೂ ಅವನ ಹೆಸರು ನಾಣ್ಯದ ಮೇಲೆ ಬದುಕಿತ್ತು. ಒಂದೊಂದು ಪ್ರಾಂತಕ್ಕೆ ಒಂದೊಂದು ರೂಪಾಯಿ, ಒಂದೊಂದು ತೂಕ. ಒಂದನ್ನು ಇನ್ನೊಂದಕ್ಕೆ ಬದಲಿಸಿಕೊಳ್ಳುವಾಗ ಶರಾಫನಿಗೆ ವಟ್ಟ ತೆರಬೇಕು. ಮಲೆನಾಡಿನ ಅಡಕೆಯೂ ಬಯಲುಸೀಮೆಯ ಧಾನ್ಯವೂ ಕೈ ಬದಲಾಗುತ್ತಿದ್ದ ನ್ಯಾಮತಿಯಂಥ ಪೇಟೆಯಲ್ಲಿ ಇದರ ತೊಂದರೆ ಎಷ್ಟಿದ್ದೀತೆಂದು ನೀವೇ ಊಹಿಸಬಹುದು.

1835ರ ಆಗಸ್ಟಿನಲ್ಲಿ ಕಂಪನಿ ಒಂದು ಕಾಯ್ದೆ ಮಾಡಿತು. ಸೆಪ್ಟೆಂಬರ್ 1ರಿಂದ ಅದರ ಆಳ್ವಿಕೆಯ ಎಲ್ಲ ಕಡೆಗೂ ಒಂದೇ ರೂಪಾಯಿ. ತೂಕ 180 ಗ್ರೇನ್, ಅಂದರೆ ಈಗಿನ ಲೆಕ್ಕದಲ್ಲಿ ಸುಮಾರು 11.66 ಗ್ರಾಂ, ಅದರಲ್ಲಿ ಹನ್ನೆರಡರಲ್ಲಿ ಹನ್ನೊಂದು ಪಾಲು ಅಪ್ಪಟ ಬೆಳ್ಳಿ. ಬಾದಷಹನ ಹೆಸರು ಹೋಯಿತು. ಅದರ ಜಾಗದಲ್ಲಿ ಇಂಗ್ಲೆಂಡಿನ ದೊರೆ ನಾಲ್ಕನೆಯ ವಿಲಿಯಂನ ಪಾರ್ಶ್ವಮುಖ ಬಂದು ಕುಳಿತಿತು. ರೂಪಾಯಿ ಎಂಬ ಮಾತು ಬಂದದ್ದು ಸಂಸ್ಕೃತದ ರೂಪ್ಯದಿಂದ. ರೂಪವನ್ನು ಒತ್ತಿದ್ದು ಎಂಬುದು ಅದರ ಒಂದು ಅರ್ಥ. ರೂಪದ ಹೆಸರು ಹೊತ್ತ ನಾಣ್ಯಕ್ಕೆ ಈಗ ಆಳುವವನ ಮುಖವೇ ರೂಪವಾಯಿತು.

ಇದು ಬರಿಯ ಅಲಂಕಾರದ ಮಾತಲ್ಲ. ಪಾರಸಿ ಬರಹವನ್ನು ಓದಬಲ್ಲವರು ಊರಿಗೆ ಒಬ್ಬಿಬ್ಬರು. ಮುಖವನ್ನು ಓದಲು ಅಕ್ಷರ ಬೇಡ. ಕಂದಾಯ ಕಟ್ಟಲು ಬಂದ ರೈತ, ತಾನು ಕಟ್ಟುವ ಹಣ ಯಾರಿಗೆ ಸೇರುತ್ತದೆಂಬುದನ್ನು ಆ ಹಣದ ಮೇಲೆಯೇ ಕಾಣುತ್ತಿದ್ದ. ದಂಗೆಯ ಬೂದಿ ಆರುವ ಮೊದಲೇ ಆಳುವವರು ಸೈನ್ಯದ ಬದಲು ಈ ಬೆಳ್ಳಿಯ ಮುಖವನ್ನು ಮನೆಮನೆಗೆ ಕಳಿಸಿದರು ಎಂದರೆ ತಪ್ಪಾಗದು.

ಲಕ್ಷಗಟ್ಟಲೆ ನಾಣ್ಯಗಳ ಮೇಲೆ ಒಂದೇ ಮುಖವನ್ನು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದಂತೆ ಮೂಡಿಸಿದ್ದು ಯಂತ್ರದ ಬಲ. ಕಲ್ಕತ್ತೆಯ ಹೊಸ ಟಂಕಸಾಲೆ 1829ರಲ್ಲಿ ಕೆಲಸ ಆರಂಭಿಸಿತ್ತು. ಅದನ್ನು ನಡೆಸುತ್ತಿದ್ದದ್ದು ಉಗಿಯಂತ್ರ. ನುರಿತ ಕೆತ್ತನೆಗಾರ ಮೊದಲು ಮೆದು ಉಕ್ಕಿನಲ್ಲಿ ಮುಖವನ್ನು ಒಳಗುಳಿಯಾಗಿ, ಎಡಬಲ ತಿರುವುಮುರುವಾಗಿ ಕೊರೆಯುತ್ತಾನೆ. ಅದನ್ನು ಕಾಯಿಸಿ ಗಟ್ಟಿ ಮಾಡಿ, ಅದರಿಂದ ಉಬ್ಬಚ್ಚು, ಉಬ್ಬಚ್ಚಿನಿಂದ ಮತ್ತಷ್ಟು ಒಳಗುಳಿಯ ಅಚ್ಚುಗಳು. ಒಂದು ಅಚ್ಚು ಒಡೆದರೆ ಅದೇ ಮುಖದ ಇನ್ನೊಂದು ಸಿದ್ಧ. ಇಕ್ಕೇರಿ ವರಾಹವನ್ನು ಅಡಿಗಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಹೊಡೆಯುವಾಗ ಅಚ್ಚು ಅತ್ತಿತ್ತ ಸರಿದು ಎಷ್ಟೋ ಸಲ ಚಿತ್ರದ ಒಂದು ಭಾಗ ಹೊರಗೇ ಉಳಿಯುತ್ತಿತ್ತು. ಹೊಸ ರೂಪಾಯಿಯಲ್ಲಿ ಆ ಮಾತೇ ಇಲ್ಲ. ಅಂಚಿಗೂ ಸಣ್ಣ ಗೀರುಗಳು. ಯಾರಾದರೂ ಬೆಳ್ಳಿ ಹೆರೆದರೆ ತಟ್ಟನೆ ತಿಳಿಯಲೆಂದು.

ನಿಮ್ಮ ಕೈಯ ನಾಣ್ಯವನ್ನು ಓದುವುದು ಹೇಗೆ

ಈಗ ಗಂಟು ಬಿಚ್ಚಿ ನಿಮ್ಮ ಮನೆಯ ರೂಪಾಯಿಯನ್ನು ಬೆಳಕಿಗೆ ಹಿಡಿಯಿರಿ. ಮುಖ ಯಾವ ಕಡೆಗೆ ತಿರುಗಿದೆ ನೋಡಿ. ಒಬ್ಬರ ನಂತರ ಬಂದವರು ಹಿಂದಿನವರಿಗೆ ವಿರುದ್ಧ ದಿಕ್ಕಿಗೆ ನೋಡಬೇಕೆಂಬುದು ಇಂಗ್ಲೆಂಡಿನ ನಾಣ್ಯಗಳ ವಾಡಿಕೆ. ವಿಲಿಯಂ ಬಲಕ್ಕೆ, ವಿಕ್ಟೋರಿಯಾ ಎಡಕ್ಕೆ, ಏಳನೆಯ ಎಡ್ವರ್ಡ್ ಬಲಕ್ಕೆ, ಐದನೆಯ ಜಾರ್ಜ್ ಎಡಕ್ಕೆ. ಕಿರೀಟವಿಲ್ಲದ ಗಂಡುಮುಖ ಬಲಕ್ಕೆ ತಿರುಗಿ, ಸುತ್ತ ವಿಲಿಯಂ ಎಂಬ ಇಂಗ್ಲಿಷ್ ಅಕ್ಷರಗಳೂ ನಾಲ್ಕು ಕಡ್ಡಿ ಗೆರೆಗಳೂ ಇದ್ದರೆ ಅದು 1835ರ ರೂಪಾಯಿ. ಹಿಂಬದಿಯಲ್ಲಿ ಎಲೆಗಳ ಹಾರದ ನಡುವೆ ಬೆಲೆ ಇಂಗ್ಲಿಷಿನಲ್ಲೂ ಪಾರಸಿಯಲ್ಲೂ ಇರುತ್ತದೆ. ಕತ್ತಿನ ಕಡಿತದಲ್ಲಿ ಕೆಲವು ನಾಣ್ಯಗಳಲ್ಲಿ ಎಫ್ ಎಂಬ, ಕೆಲವದರಲ್ಲಿ ಆರ್‌ಎಸ್ ಎಂಬ ಸಣ್ಣ ಅಕ್ಷರಗಳಿವೆ. ಕಲ್ಕತ್ತೆಯ ಟಂಕಸಾಲೆಯ ಅಧಿಕಾರಿಗಳಾಗಿದ್ದ ಫೋರ್ಬ್ಸ್, ಸಾಂಡರ್ಸ್ ಇವರ ಗುರುತು ಅವು ಎನ್ನುತ್ತಾರೆ ನಾಣ್ಯಶಾಸ್ತ್ರಜ್ಞರು.

ಎಡಕ್ಕೆ ತಿರುಗಿದ, ಕೂದಲನ್ನು ಹಿಂದಕ್ಕೆ ಕಟ್ಟಿದ, ಕಿರೀಟವಿಲ್ಲದ ಎಳೆಯ ಹೆಣ್ಣುಮುಖವಿದ್ದರೆ ಅದು 1840ರ ವಿಕ್ಟೋರಿಯಾ. ಇದರ ಕೆತ್ತನೆ ಲಂಡನ್ನಿನ ಹೆಸರಾಂತ ಕೆತ್ತನೆಗಾರ ವಿಲಿಯಂ ವಯಾನನದು. ಕಿರೀಟ, ಕಸೂತಿಯ ಉಡುಪು ಇದ್ದರೆ 1862ರ ಈಚಿನದು.

ಇಲ್ಲಿ ಒಂದು ಎಚ್ಚರಿಕೆ. ನಾಣ್ಯದ ಮೇಲಿರುವ ಇಸವಿ ಅದನ್ನು ಹೊಡೆದ ಇಸವಿ ಎಂದು ತಿಳಿಯಬೇಡಿ. 1835 ಎಂದಿರುವ ರೂಪಾಯಿಗಳನ್ನು 1840ರವರೆಗೂ ಹೊಡೆದರು. ವಿಲಿಯಂ 1837ರಲ್ಲೇ ತೀರಿಕೊಂಡಿದ್ದ. ಅವನ ಮುಖ ಮಾತ್ರ ಮತ್ತೆ ಮೂರು ವರ್ಷ ಅಚ್ಚಾಗುತ್ತಲೇ ಇತ್ತು. 1840 ಎಂದಿರುವವು 1862ರವರೆಗೂ ಬಂದವು. 1862 ಎಂದಿರುವವನ್ನು 1874ರವರೆಗೂ ಹೊಡೆದರು. ಹೀಗಾಗಿ ಎಳೆಯ ಹುಡುಗಿಯಾಗಿದ್ದಾಗ ನಿಂತ ವಿಕ್ಟೋರಿಯಾಳ ಮುಖ, ಆಕೆ ಒಂಬತ್ತು ಮಕ್ಕಳ ತಾಯಿಯಾದ ಮೇಲೂ ನಮ್ಮ ಸಂತೆಗಳಲ್ಲಿ ಹಾಗೆಯೇ ಎಳೆಯದಾಗಿತ್ತು.

ಅಂಗುಲದಷ್ಟು ಕೆತ್ತನೆಯನ್ನು ಜನ ಎಷ್ಟು ಕೂಲಂಕಷವಾಗಿ ನೋಡುತ್ತಿದ್ದರು ಎಂಬುದಕ್ಕೆ ಒಂದು ನಿದರ್ಶನ ಹೇಳುತ್ತೇನೆ. 1911ರ ರೂಪಾಯಿಯಲ್ಲಿ ಐದನೆಯ ಜಾರ್ಜ್ ತೊಟ್ಟ ನಿಲುವಂಗಿಯ ಮೇಲೆ ಎಳ್ಳುಕಾಳಿನಷ್ಟು ಒಂದು ಆನೆ ಇತ್ತು. ಸೊಂಡಿಲು, ಕಾಲು ಗಿಡ್ಡವಾಗಿ ಅದು ಹಂದಿಯಂತೆ ಕಾಣುತ್ತದೆಂದು ಜನ ಗುಲ್ಲೆಬ್ಬಿಸಿದರು. ಸರ್ಕಾರ ಆ ನಾಣ್ಯವನ್ನು ಹಿಂತೆಗೆದುಕೊಂಡು, 1912ರ ನಾಣ್ಯದಲ್ಲಿ ಆನೆಯನ್ನು ಆನೆಯಂತೆ ತಿದ್ದಿಸಿತು. ಓದುಬರಹ ಇಲ್ಲದಿದ್ದರೂ ಜನ ನಾಣ್ಯವನ್ನು ಓದುತ್ತಿದ್ದರು.

ದೊರೆಯ ಮುಖ, ನಮ್ಮ ಒಡವೆ

ಆಳುವವರು ಆ ಮುಖವನ್ನು ಕಳಿಸಿದ್ದು ತಮ್ಮ ಅಧಿಕಾರದ ಗುರುತೆಂದು. ನಮ್ಮ ಜನ ಅದನ್ನು ಏನೆಂದು ಸ್ವೀಕರಿಸಿದರು?

ಮೊದಲನೆಯದಾಗಿ, ತೂಕದ ಕಲ್ಲೆಂದು. ರೂಪಾಯಿಯ ತೂಕವೇ ಒಂದು ತೊಲ ಎಂದು ನಿಶ್ಚಯವಾಗಿತ್ತು. ಮೈಸೂರು ಸೀಮೆಯಲ್ಲಿ ಕಚ್ಚಾ ಸೇರು ಎಂದರೆ 24 ರೂಪಾಯಿ ತೂಕ. ಅಕ್ಕಸಾಲಿಯ ತಕ್ಕಡಿಯಲ್ಲಿ ಒಂದು ತಟ್ಟೆಗೆ ಚಿನ್ನ, ಇನ್ನೊಂದಕ್ಕೆ ದೊರೆಯ ತಲೆ. ಚಿನ್ನಕ್ಕೆ ಇಂದಿಗೂ ನಾವು ಬಳಸುವ ಸವರನ್ ಎಂಬ ಮಾತು ಕೂಡ ಒಂದು ನಾಣ್ಯದ ಹೆಸರೇ. 1817ರಲ್ಲಿ ಇಂಗ್ಲೆಂಡಿನಲ್ಲಿ ಹೊಸದಾಗಿ ಹೊರಟ ಆ ಚಿನ್ನದ ನಾಣ್ಯದ ಮೇಲೆ ಮೂರನೆಯ ಜಾರ್ಜನ ಪಾರ್ಶ್ವಮುಖವಿತ್ತು. ತೂಕ ಸುಮಾರು 8 ಗ್ರಾಂ. ನಾಣ್ಯ ಮರೆತುಹೋಯಿತು, ಅಳತೆ ಉಳಿಯಿತು.

ಎರಡನೆಯದಾಗಿ, ಉಳಿತಾಯವೆಂದು. ಬ್ಯಾಂಕಿಲ್ಲದ ಕಾಲದಲ್ಲಿ ಹೆಣ್ಣುಮಕ್ಕಳ ಕೈಯ ಗಂಟೆಂದರೆ ಒಡವೆ. ರೂಪಾಯಿಯಲ್ಲಿ ಬೆಳ್ಳಿ ಎಷ್ಟಿದೆ ಎಂಬುದು ಎಲ್ಲರಿಗೂ ಗೊತ್ತಿದ್ದ ಕಾರಣ, ಅದಕ್ಕೊಂದು ಕೊಂಡಿ ಬೆಸೆದು ದಾರಕ್ಕೆ ಪೋಣಿಸಿದರೆ ಸರವೂ ಆಯಿತು, ಕಷ್ಟಕಾಲಕ್ಕೆ ಆಸರೆಯೂ ಆಯಿತು.

ಈ ಮಾತಿಗೆ ಲಂಬಾಣಿ ಹೆಣ್ಣುಮಕ್ಕಳ ಉಡುಗೆಗಿಂತ ಒಳ್ಳೆಯ ಸಾಕ್ಷಿ ಇಲ್ಲ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಸೀಮೆಗಳಲ್ಲಿ ತಾಂಡಾಗಳು ಬಹಳ. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪ ಸಂತ ಸೇವಾಲಾಲರ ಜನ್ಮಸ್ಥಳ. ಪ್ರತಿವರ್ಷ ಫೆಬ್ರವರಿಯಲ್ಲಿ ಅಲ್ಲಿ ನಡೆಯುವ ಜಯಂತಿಗೆ ದೂರದೂರದ ತಾಂಡಾಗಳಿಂದ ಜನ ಬರುತ್ತಾರೆ. ಅಲ್ಲಿಗೆ ಹೋದಾಗ ಹಿರಿಯ ತಾಯಂದಿರ ಉಡುಪನ್ನು ಗೌರವದಿಂದ ಗಮನಿಸಿ. ಕನ್ನಡಿ ಚೂರು, ಕವಡೆ, ಕಸೂತಿಗಳ ಜೊತೆಗೆ ನಾಣ್ಯಗಳೂ ನಾಣ್ಯದಂಥ ಬಿಲ್ಲೆಗಳೂ ಕಾಣುತ್ತವೆ. ಎತ್ತುಗಳ ಹಿಂಡಿನ ಮೇಲೆ ದವಸ, ಉಪ್ಪು ಹೇರಿಕೊಂಡು ನಾಡಿನಿಂದ ನಾಡಿಗೆ ಸಾಗುತ್ತಿದ್ದ ಜನ ಅವರು. ಮೈಸೂರು ಯುದ್ಧಗಳ ಕಾಲದಲ್ಲಿ ಸೈನ್ಯಗಳಿಗೆ ಧಾನ್ಯ ಒದಗಿಸಿದವರು. ನೆಲ, ಮನೆ ಎಂದು ಒಂದೆಡೆ ನಿಲ್ಲದವರಿಗೆ ಆಸ್ತಿಯೆಂದರೆ ಮೈಮೇಲಿನದ್ದೇ. ಆಳುವವನ ಮುಖವನ್ನು ಅವರು ಸೂಜಿದಾರದಿಂದ ಹೊಲಿದು, ಕನ್ನಡಿ ಕವಡೆಗಳ ಸಾಲಿನಲ್ಲಿ ಒಂದಾಗಿ ಕೂರಿಸಿದರು.

ಎರಡು ಸಾವಿರ ವರ್ಷ ಹಿಂದೆ ಬಂದ ರೋಮ್ ದೊರೆಗಳ ಮುಖಕ್ಕೂ ಇದೇ ಗತಿಯಾಗಿತ್ತು ಎಂಬುದು ಸ್ವಾರಸ್ಯದ ಸಂಗತಿ. ದಕ್ಷಿಣ ಭಾರತದಲ್ಲಿ ಸಿಕ್ಕಿರುವ ರೋಮನ್ ಚಿನ್ನದ ನಾಣ್ಯಗಳಲ್ಲಿ ಹಲವಕ್ಕೆ ಮುಖದ ಮೇಲ್ಭಾಗದಲ್ಲಿ ಎರಡು ಸಣ್ಣ ತೂತುಗಳಿವೆ. ಸರಕ್ಕೆ ಪೋಣಿಸಿದಾಗ ಮುಖ ನೆಟ್ಟಗೆ ನಿಲ್ಲಲೆಂದು. ಹೊರಗಿನ ದೊರೆಯ ಮುಖ ಬಂದಾಗಲೆಲ್ಲ ನಮ್ಮವರು ಅದಕ್ಕೆ ತೂತು ಕೊರೆದು ಕೊರಳಿಗೆ ಹಾಕಿಕೊಂಡಿದ್ದಾರೆ.

ಕಲ್ಕತ್ತೆಯ ಟಂಕಸಾಲೆಯದೇ ಇನ್ನೊಂದು ಸಂಗತಿ ಹೇಳಿ ಮುಗಿಸುತ್ತೇನೆ. ವಿಲಿಯಂನ ಮುಖ ಅಚ್ಚಾಗುತ್ತಿದ್ದ ದಿನಗಳಲ್ಲಿ ಅಲ್ಲಿ ಲೋಹದ ಶುದ್ಧಿಯನ್ನು ಪರೀಕ್ಷಿಸುವ ಅಧಿಕಾರಿಯಾಗಿದ್ದವನು ಜೇಮ್ಸ್ ಪ್ರಿನ್ಸೆಪ್. ಆತ ಬಿಡುವಿನ ಹೊತ್ತಿನಲ್ಲಿ ಹಳೆಯ ನಾಣ್ಯ, ಶಾಸನಗಳ ಅಕ್ಷರಗಳ ಮುಂದೆ ಕೂರುತ್ತಿದ್ದ. 1837ರಲ್ಲಿ ಅಶೋಕನ ಬ್ರಾಹ್ಮಿ ಲಿಪಿಯ ಬೀಗ ತೆರೆದದ್ದು ಅವನೇ. ಆ ಓದಿನ ಬಲದಿಂದಲೇ 1892ರಲ್ಲಿ ಬಿ. ಎಲ್. ರೈಸ್ ಅವರು ಪತ್ತೆಮಾಡಿದ ಬ್ರಹ್ಮಗಿರಿಯ ಅಶೋಕ ಶಾಸನವನ್ನು ನಾವು ಓದುವಂತಾಯಿತು. ಜಗಳೂರಿನಿಂದ ಪೂರ್ವಕ್ಕೆ, ಮೊಳಕಾಲ್ಮೂರು ತಾಲ್ಲೂಕಿನಲ್ಲಿ ಅದು ಇಂದಿಗೂ ಇದೆ. ಮುಂದೆ 1950ರಲ್ಲಿ ಗಣರಾಜ್ಯದ ಹೊಸ ನಾಣ್ಯಗಳು ಬಂದಾಗ ದೊರೆಯ ತಲೆಯನ್ನು ತೆಗೆದು ಆ ಜಾಗದಲ್ಲಿ ನಿಂತದ್ದು ಸಾರನಾಥದ ಅಶೋಕಸ್ತಂಭದ ಸಿಂಹಗಳು. 115 ವರ್ಷ ನಡೆದ ಪಾರ್ಶ್ವಮುಖಗಳ ಆಳ್ವಿಕೆ ಅಲ್ಲಿಗೆ ಮುಗಿಯಿತು.

ಓದುಗರಲ್ಲಿ ಒಂದು ವಿನಂತಿ. ಬೆಳ್ಳಿಯ ಬೆಲೆ ಏರಿದಾಗಲೆಲ್ಲ ಇಂಥ ನಾಣ್ಯಗಳೂ ನಾಣ್ಯದ ಸರಗಳೂ ಮೂಸೆಗೆ ಬೀಳುತ್ತವೆ. ಕರಗಿಸಿದರೆ ನಿಮಗೆ ಸಿಗುವುದು ಹನ್ನೊಂದೂವರೆ ಗ್ರಾಂಗೂ ಕಡಿಮೆ ಬೆಳ್ಳಿ. ಹೋಗುವುದು ಈ ಸೀಮೆಯ ಒಂದು ದಾಖಲೆ. ಹುಣಸೆಹಣ್ಣು, ಬೂದಿ ಹಾಕಿ ಉಜ್ಜಬೇಡಿ. ಹಾಗೆ ಉಜ್ಜಿದಾಗ ಮೊದಲು ಅಳಿಯುವುದು ಕೂದಲಿನ, ಕಿವಿಯ ನಾಜೂಕು ಗೆರೆಗಳು. ಮೆತ್ತನೆಯ ಹತ್ತಿಬಟ್ಟೆಯಲ್ಲಿ ಒರೆಸಿ ಇಡಿ, ಸಾಕು. ತೂತು ಬಿದ್ದ, ಕೊಂಡಿ ಬೆಸೆದ ನಾಣ್ಯಕ್ಕೆ ಸಂಗ್ರಾಹಕರು ಬೆಲೆ ಕಟ್ಟುವುದಿಲ್ಲವೆಂದು ಬೇಸರಪಡಬೇಡಿ. ಆ ಕೊಂಡಿ ನಿಮ್ಮ ಮನೆಯ ಯಾವಳೋ ಹೆಣ್ಣುಮಗಳ ಬದುಕಿನ ಗುರುತು. ಅದು ಯಾರದು, ಯಾರಿಂದ ಯಾರಿಗೆ ಬಂತು ಎಂಬುದನ್ನು ಹಿರಿಯರನ್ನು ಕೇಳಿ ಒಂದು ಚೀಟಿಯಲ್ಲಿ ಬರೆದು ಜೊತೆಗಿಡಿ. ಹೊಲ ಉಳುವಾಗಲೋ ಪಾಯ ತೆಗೆಯುವಾಗಲೋ ನಾಣ್ಯದ ಗಡಿಗೆ ಸಿಕ್ಕರೆ ಜಿಲ್ಲಾಧಿಕಾರಿಗಳಿಗೆ ತಿಳಿಸಿ. ಕಾಯ್ದೆ ಹೇಳುವುದೂ ಅದನ್ನೇ.

ಕಡೆಯದಾಗಿ ಮತ್ತೊಮ್ಮೆ ಆ ಮುಖವನ್ನು ನೋಡಿ. ಕೆನ್ನೆಯ ಉಬ್ಬು ಸವೆದು ನುಣ್ಣಗಾಗಿದೆ, ಅಲ್ಲವೇ? ಕಂದಾಯ ಕಟ್ಟಿದವರ, ಅಡಕೆ ಮಾರಿದವರ, ಮದುವೆಗೆ ಮುಯ್ಯಿ ಕೊಟ್ಟವರ, ಹಸಿದು ಅಡವಿಟ್ಟವರ ಬೆರಳುಗಳು ಅದನ್ನು ಸವೆಸಿವೆ. ಕೊರೆದ ಮುಖ ದೊರೆಯದು, ಸವೆತ ನಮ್ಮವರದು. ಚೆನ್ನಮ್ಮಾಜಿಯ ಮುಖ ನಮಗೆ ಸಿಗಲಿಲ್ಲ. ಈ ಬೆರಳುಗಳ ಒಡೆಯರ ಮುಖವೂ ಎಲ್ಲೂ ಉಳಿದಿಲ್ಲ. ಅವರು ಬಿಟ್ಟುಹೋದ ಗುರುತು ಈ ಸವೆತ ಒಂದೇ. ಅದನ್ನಾದರೂ ಜೋಪಾನವಾಗಿ ಇಟ್ಟುಕೊಳ್ಳೋಣ.